ಖಾಲಿ ಕುರ್ಚಿಗೆ ಕಟ್ಟಿದ ಸಿನಿಮಾ

ರಾಚಪ್ಪ ಸತ್ತನೋ ಬದುಕಿದನೋ ಎಂಬ ಒಂದೇ ಒಂದು ಮಾತಿಗೆ ಹುಬ್ಬಳ್ಳಿಯ ಇಬ್ಬರು ಹಳೆಯ ಗೆಳೆಯರು ಮಾತು ಬಿಡುವ ಹಂತಕ್ಕೆ ಬಂದಿದ್ದರು. ರಾಚಪ್ಪನೇನು ಅವರ ಬೀಗನೂ ಅಲ್ಲ, ನೆರೆಯವನೂ ಅಲ್ಲ. 'ರಣಕಲಿ ರಾಚಪ್ಪ' ಎಂಬ ಸಿನಿಮಾದ ನಾಯಕ. ಸಿನಿಮಾಕ್ಕಾಗಿ ಇಷ್ಟೊಂದು ಜಗಳವೇ ಎಂದು ಕೇಳುವವರು ಈ ಕಥೆಯನ್ನು ಇಲ್ಲಿಗೇ ಬಿಟ್ಟು ತಮ್ಮ ಕೆಲಸ ನೋಡಿಕೊಳ್ಳಬಹುದು. ಉಳಿದವರಿಗೆ ಹೇಳುತ್ತೇನೆ.

"ಸತ್ತಾನಲೇ! ನನ್ನ ಕಣ್ಣಾರೆ ನೋಡೇನಿ. ಚಟ್ಟ ಕಟ್ಟಿದ್ರು, ಹೂವು ಹಾಕಿದ್ರು. ನಾ ಗಳಗಳ ಅತ್ತೇನಿ," ಎಂದರು ತಿಪ್ಪಣ್ಣ ಮಾಸ್ತರು. ಅವರು ನಿವೃತ್ತ ಡ್ರಿಲ್ ಮಾಸ್ತರು, ದನಿ ಇನ್ನೂ ಮೈದಾನದ ಆಚೆ ತುದಿಗೆ ಕೇಳುವಂಥದು.

"ಮಾಸ್ತರ, ನಿಮಗ ವಯಸ್ಸಾತು," ಎಂದ ಆಟೋ ಓಡಿಸುವ ಇಮಾಮ್‌ಸಾಬ. "ಅಂವ ಎದ್ದು ಬಂದು ಆ ಮಂತ್ರಿ ಕಪಾಳಕ್ಕ ಎರಡು ಬಿಟ್ಟಾನ. ನಾ ಸೀಟಿ ಹೊಡದೇನಿ. ನಿಮ್ಮ ಬಾಜೂಕ ಕುಂತಿದ್ದೆ, ಕೇಳಲಿಲ್ಲೇನು?"

"ಹೆಣದ ಮುಂದ ಸೀಟಿ ಹೊಡಿಯೂ ಮನಶ್ಯಾನ ಜೋಡಿ ನನಗೇನು ಮಾತು?"

"ಅಂದ್ರ ನಾ ಸುಳ್ಳ ಹೇಳ್ತೀನಿ?"

"ಮತ್ತ ನಾ ಹೇಳ್ತೀನೇನು?"

ಈ ಜಗಳ ನಡೆದದ್ದು ಚಂದ್ರಪ್ರಭಾ ಟಾಕೀಸಿನ ಎದುರು, ಬಾಗಿಲು ಮುಚ್ಚಿ ವರ್ಷಗಳಾಗಿದ್ದ ಒಂದು ಬಟ್ಟೆ ಅಂಗಡಿಯ ಮೆಟ್ಟಿಲುಗಳ ಮೇಲೆ. ಮೆಟ್ಟಿಲ ಪಕ್ಕದಲ್ಲಿ ರೇಣವ್ವನ ಮಿರ್ಚಿ ಭಜಿ ಗಾಡಿ. ಆ ಮೆಟ್ಟಿಲುಗಳಲ್ಲಿ ಕೂರುವವರಿಗೆ ವಾರವೆಂದರೆ ಶುಕ್ರವಾರದಿಂದ ಶುಕ್ರವಾರಕ್ಕೆ. ಸೋಮವಾರ ಒಂದು ಟೀಸರ್ ಬಂದರೆ ಬುಧವಾರದ ಹೊತ್ತಿಗೆ ಅದರ ಪೋಸ್ಟ್‌ಮಾರ್ಟಂ ಮುಗಿದಿರುತ್ತಿತ್ತು. ಯಾವ ಚಿತ್ರದ ಡೇಟ್ ಮುಂದಕ್ಕೆ ಹೋಯಿತು, ಯಾರ ಹಾಡು ಎಲ್ಲಿಂದ ಕದ್ದದ್ದು, ಟ್ರೇಲರ್‌ನಲ್ಲಿ ಎರಡು ಸೆಕೆಂಡು ಕಂಡು ಮಾಯವಾದ ಕೆಂಪು ಸೀರೆಯವಳು ಯಾರು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಚಿತ್ರ ಬಂದ ಮೇಲಂತೂ ಕೇಳಲೇಬೇಡಿ. "ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಬೂದಿ" ಎಂದು ರೇಣವ್ವ ಸಿನಿಮಾ ನೋಡದೆಯೇ, ಗಿರಾಕಿಗಳ ಮಾತು ಕೇಳಿಯೇ ತೀರ್ಪು ಕೊಟ್ಟುಬಿಡುತ್ತಿದ್ದಳು.

ಆದರೆ ಕೊನೆಯ ತೀರ್ಪು ಚೆನ್ನವೀರನದು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತು, ತಲೆ ಒಂದಿಷ್ಟು ವಾಲಿಸಿ ಎಲ್ಲರ ಮಾತು ಕೇಳಿ, ಕಡೆಗೆ ಬಾಯಿ ಬಿಡುವವನು ಅವನು. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಈಗ ವಿದ್ಯುತ್ ಕಂಪನಿಯಲ್ಲಿ ಫೋನಿನ ಮುಂದೆ ಕೂತು ದಿನವಿಡೀ ಊರಿನ ಬೈಗುಳ ಕೇಳುವ ಕೆಲಸ. ಸಿನಿಮಾದ ಹುಚ್ಚಿನಲ್ಲಿ ಮಾತ್ರ ಅವನನ್ನು ಮೀರಿಸಿದವರು ಆ ಮೆಟ್ಟಿಲಲ್ಲಿ ಇರಲಿಲ್ಲ. ಟಾಕೀಸಿನೊಳಗೆ ಹೆಂಡತಿ ನೀಲಾಂಬಿಕಾ ಅವನ ಕಿವಿಯಲ್ಲಿ ಚಿತ್ರ ಹೇಳುತ್ತಿದ್ದಳು. 'ಈಗ ಬಾಗಲಾ ತಗದ್ಲು. ಹೊರಗ ಯಾರೂ ಇಲ್ಲ. ಅಕಿ ಮಾರಿ ಸಣ್ಣದಾತು.' ಹೊರಗೆ ಬಂದ ಮೇಲೆ ಅವಳು ಬಿಟ್ಟದ್ದನ್ನು ಮೆಟ್ಟಿಲ ಮಂದಿ ತುಂಬುತ್ತಿದ್ದರು. ಒಬ್ಬರು ಸೀರೆಯ ಬಣ್ಣ ಹೇಳಿದರೆ ಇನ್ನೊಬ್ಬರು ಖಳನ ಮೀಸೆ ತೋರಿಸಲು ಅವನ ಬೆರಳು ಹಿಡಿದು ತಮ್ಮ ಮೂಗಿನ ಕೆಳಗೆ ಎಳೆದುಕೊಳ್ಳುತ್ತಿದ್ದರು. ಹಾಗೆ ಐದಾರು ಬಾಯಿಂದ ಕೂಡಿಸಿಕೊಂಡ ಚಿತ್ರ ಅವನ ತಲೆಯಲ್ಲಿ ಎಂಥ ಅಚ್ಚುಕಟ್ಟಾಗಿ ಕೂರುತ್ತಿತ್ತೆಂದರೆ, ಹತ್ತು ವರ್ಷದ ಹಿಂದಿನ ಸಿನಿಮಾದ ಗೋಡೆ ಗಡಿಯಾರ ಎಲ್ಲಿತ್ತು ಎಂದು ಕೇಳಿದರೂ ಹೇಳುತ್ತಿದ್ದ.

ಆ ದಿನ ಅವನು ತೀರ್ಪು ಕೊಡಲಿಲ್ಲ.

ನೀಲಾಂಬಿಕಾಗೆ ತಡೆಯಲಾಗಲಿಲ್ಲ. ಅವಳು ಅದೇ ಟಾಕೀಸಿನ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರು. ಹೊರಗೆ ಹೇಳಬಾರದೆಂದು ತನ್ನ ಕಂಪನಿ ಕಟ್ಟಪ್ಪಣೆ ಮಾಡಿದ್ದ ಮಾತನ್ನು ಅಂದು ಹೇಳಿಯೇಬಿಟ್ಟಳು. "ಮಾಸ್ತರ, ನೀವೂ ಖರೇ. ಇಮಾಮಣ್ಣ, ನೀನೂ ಖರೇ. ನಿಮ್ಮ ರಾಚಪ್ಪ ಸತ್ತಾನ, ಅವನ ರಾಚಪ್ಪ ಬದುಕ್ಯಾನ. ನೀವು ಇಬ್ಬರೂ ನೋಡಿದ್ದು ಒಂದ ಪಿಚ್ಚರ್ ಅಲ್ಲ."

ಅವಳು ಹೇಳಿದ್ದು ಇಷ್ಟು. ಆರು ತಿಂಗಳ ಹಿಂದೆ ಟಾಕೀಸಿಗೆ 'ಮನಮೆಚ್ಚು' ಎಂಬ ಯಂತ್ರ ಬಂದಿತ್ತು. ಪರದೆ ಹೆಸರಿಗಷ್ಟೇ ಉಳಿದು, ಪ್ರತಿಯೊಬ್ಬರಿಗೂ ಒಂದು ಕನ್ನಡಕ, ಕುರ್ಚಿಯ ಕಿವಿಯ ಬಳಿ ಪುಟ್ಟ ಸ್ಪೀಕರು, ಕೈಯಿಡುವಲ್ಲಿ ಒಂದು ತೆಳು ತಗಡು. ಎಲ್ಲರಿಗೂ ಇಷ್ಟು ಗೊತ್ತಿತ್ತು, ಚಿತ್ರ ಸ್ಪಷ್ಟವಾಗಿ ಕಾಣಲೆಂದು ಇದನ್ನೆಲ್ಲ ಹಾಕಿದ್ದಾರೆ ಎಂದುಕೊಂಡಿದ್ದರು. ಆ ತಗಡು ಅಂಗೈಯ ಬೆವರು, ನಾಡಿಯ ಬಡಿತ ಅಳೆಯುತ್ತದೆ ಎಂಬುದು ಗೊತ್ತಿರಲಿಲ್ಲ. ನಿರ್ದೇಶಕರು ಚಿತ್ರದ ಜೊತೆಗೆ ನಟರ ಮುಖ, ದನಿ, ನಡಿಗೆಯ ಅಳತೆಯನ್ನೂ ಕಂಪನಿಗೆ ಕೊಟ್ಟಿರುತ್ತಾರೆ. ನಿಮಗೆ ಬೇಸರ ಬಂದರೆ ಯಂತ್ರ ಅದು ತಿಳಿದು ಒಂದು ಹೊಡೆದಾಟ ಹೆಣೆಯುತ್ತದೆ, ಹೆದರಿದರೆ ದೆವ್ವವನ್ನು ಹಿಂದಕ್ಕೆ ಕಳಿಸುತ್ತದೆ. ಅಳುವುದರಲ್ಲಿ ಸುಖ ಕಾಣುವ ತಿಪ್ಪಣ್ಣ ಮಾಸ್ತರಿಗೆ ಹೆಣ, ಸೀಟಿ ಹೊಡೆಯುವ ಇಮಾಮ್‌ಸಾಬನಿಗೆ ಕಪಾಳಮೋಕ್ಷ. ಆರು ತಿಂಗಳಿಂದ ಮೆಟ್ಟಿಲಲ್ಲಿ ಮಾತು ಮಾತಿಗೂ ಹುಟ್ಟುತ್ತಿದ್ದ ವಾದಕ್ಕೆ ಇದೇ ಕಾರಣ. ಆಟ ಮುಗಿದಾಗ ಯಂತ್ರ ಟಾಕೀಸಿನ ಇಡೀ ಹಾಲಿಗೊಂದು ಮೆಚ್ಚುಗೆ ಅಂಕ ಕೊಡುತ್ತದೆ. ಅದು ತೊಂಬತ್ತಕ್ಕೆ ಕೆಳಗಿಳಿದದ್ದೇ ಇಲ್ಲ.

"ಅಂದ್ರ ನಾ ಅತ್ತಿದ್ದು..." ಎಂದು ಮಾಸ್ತರು ಅರ್ಧಕ್ಕೆ ನಿಲ್ಲಿಸಿದರು.

"ನಿಮ್ಮ ಸಲುವಾಗೇ ಮಾಡಿದ್ದು, ಮಾಸ್ತರ."

ಜಗಳ ನಿಂತಿತು. ಅದಕ್ಕಿಂತ ಕೆಟ್ಟದ್ದು ಆಮೇಲಾಯಿತು. ಮುಂದಿನ ಶುಕ್ರವಾರ ಮೆಟ್ಟಿಲಲ್ಲಿ ಆಡಲು ಯಾರಿಗೂ ಮಾತಿರಲಿಲ್ಲ. "ಹ್ಯಾಂಗಿತ್ತು?" ಅಂದರೆ "ನನಗ ಭಾರಿ ಇತ್ತು" ಎಂಬ ಉತ್ತರ. ಅಲ್ಲಿಗೆ ಮುಗಿಯಿತು. ನಿನ್ನದು ನಿನಗೆ, ನನ್ನದು ನನಗೆ. ಕನಸು ಹೇಳಿಕೊಂಡರೆ ಯಾರು ತಾನೆ ವಾದ ಮಾಡುತ್ತಾರೆ? ಹೊಸ ಟೀಸರ್ ಬಂದರೂ ಅದೂ ಅವರವರ ಫೋನಿಗೆ ತಕ್ಕಂತೆ ಬೇರೆ ಬೇರೆ ಬರುತ್ತಿತ್ತು. ಭಜಿ ತಿಂದರು, ಕೈ ಒರೆಸಿಕೊಂಡರು, ಎದ್ದು ಹೋದರು.

ನೀಲಾಳ ಮನಸ್ಸಿಗೆ ಇದಕ್ಕಿಂತ ದೊಡ್ಡ ಪೆಟ್ಟು ಮೊದಲೇ ಬಿದ್ದಿತ್ತು. ಯಂತ್ರ ಬಂದ ಹೊಸದರಲ್ಲಿ, ಕೆಲಸವಿಲ್ಲದ ದಿನ ಟಾಕೀಸಿನಲ್ಲಿ ಗಂಡನ ಪಕ್ಕದಲ್ಲಿ ಕೂತು ಎಂದಿನಂತೆ ಚಿತ್ರ ಹೇಳತೊಡಗಿದ್ದಳು. ಯಂತ್ರ ಮೊದಲ ಐದು ನಿಮಿಷದಲ್ಲೇ ಇಬ್ಬರನ್ನೂ ಬೇರೆ ಬೇರೆ ದಾರಿಗೆ ಹಚ್ಚಿತ್ತು. "ಅಕಿ ಅಳಾಕತ್ತಾಳ," ಎಂದು ಇವಳು ಪಿಸುಗುಟ್ಟಿದಳು. ಅವನ ಕಿವಿಯಲ್ಲಿ ಆ ನಾಯಕಿ ಕಿಲಕಿಲ ನಗುತ್ತಿದ್ದಳು. "ಮಳಿ ಬರಾಕತ್ತೈತಿ," ಎಂದಳು. ಅವನಿಗೆ ಮದುವೆಯ ಓಲಗ ಕೇಳುತ್ತಿತ್ತು. ಸ್ವಲ್ಪ ಹೊತ್ತು ತಾಳಿಕೊಂಡು, ಅವಳ ಕೈ ಮೆಲ್ಲಗೆ ಸರಿಸಿ, "ಸುಮ್ಮನ ನೋಡು ನೀಲಾ. ನೀ ಹೇಳಿದ್ರ ಗೊಂದಲ ಆಗ್ತೈತಿ," ಎಂದಿದ್ದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ಅವಳನ್ನು ಸುಮ್ಮನಿರು ಎಂದದ್ದು ಅದೇ ಮೊದಲು.

ರಾಚಪ್ಪನ ಜಗಳವಾದ ಮೇಲಂತೂ ಟಾಕೀಸಿಗೆ ಬರುವುದನ್ನೇ ಬಿಟ್ಟ. ಮೆಟ್ಟಿಲಿಗೂ ಬರಲಿಲ್ಲ. ಸಂಜೆ ಮನೆಗೆ ಬಂದು ರೊಟ್ಟಿ ತಿಂದು, ಸುದ್ದಿ ಕೇಳಿ ಮಲಗುತ್ತಿದ್ದ. ಮೊದಲೆಲ್ಲ ರೊಟ್ಟಿ ಮುರಿಯುತ್ತ, "ಆ ಹೊಸಾ ಹುಡುಗಿ ಡೈಲಾಗ್ ನುಂಗ್ತಾಳ, ಮುಂದ ಬರೂದಿಲ್ಲ ಬಿಡು," ಎಂದು ಭವಿಷ್ಯ ಹೇಳುತ್ತಿದ್ದವನು.

"ಯಾಕ ಬರೂದಿಲ್ಲಂತೀರಿ?" ಎಂದು ನೀಲಾ ಕೇಳಿದಳು.

"ಯಂತ್ರ ನನಗ ಛಲೋ ಪಿಚ್ಚರ್ ಕೇಳಸ್ತೈತಿ. ಸುಳ್ಳ ಹೇಳಬಾರದು. ಕುರುಡನ ಸಲುವಾಗಿ ಎಲ್ಲಾ ಮಾತಿನಾಗ ಹೇಳಿಬಿಡ್ತೈತಿ. ನಿನ್ನ ಹಂಗಿಲ್ಲ, ಯಾರ ಹಂಗೂ ಇಲ್ಲ." ರೊಟ್ಟಿ ಮುರಿದು ಅಂದ, "ಹೊರಗ ಬಂದ ಮ್ಯಾಲೆ ನಾ ಒಬ್ಬನ ಇರ್ತೀನಿ. ಅಂಥಾ ಪಿಚ್ಚರ್ ತಗೊಂಡು ಏನ್ ಮಾಡ್ಲಿ?"

ಆ ಯಂತ್ರವನ್ನು ದಿನವೂ ಒರೆಸಿ, ಎಬ್ಬಿಸಿ, ನಡೆಸುವವಳು ನೀಲಾಳೇ. ಇದನ್ನು ಹೀಗೇ ಬಿಡುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿಕೊಂಡಳು.

ಗಟ್ಟಿ ಮಾಡಿಕೊಂಡಷ್ಟು ಸುಲಭದಲ್ಲಿ ದಾರಿ ಸಿಗಲಿಲ್ಲ. ಯಂತ್ರ ಆರಿಸುವ ಗುಂಡಿ ಕಂಪನಿಯ ಬೆಂಗಳೂರಿನ ಕಚೇರಿಯಲ್ಲಿತ್ತು. ಅಲ್ಲಿನ ಮುಖ್ಯಸ್ಥ ಪ್ರದ್ಯುಮ್ನನಿಗೆ ಫೋನು ಮಾಡಿ, ಒಂದೇ ಒಂದು ಆಟ ನಿರ್ದೇಶಕರು ಕತ್ತರಿಸಿ ಜೋಡಿಸಿದ ಮೂಲ ಪ್ರತಿಯನ್ನೇ ತೋರಿಸಬಹುದೇ ಎಂದು ಕೇಳಿದಳು.

"ಮೇಡಂ, ಮೂಲ ಪ್ರತಿ ಅನ್ನೋದು ಹಿಟ್ಟು. ನಾವು ಜನಕ್ಕೆ ಬೇಕಾದ ಅಡುಗೆ ಮಾಡಿ ಬಡಿಸ್ತೀವಿ. ಹಸಿ ಹಿಟ್ಟು ಯಾರು ತಿಂತಾರೆ ಹೇಳಿ?" ಎಂದು ಅವನು ನಕ್ಕ. ಮನುಷ್ಯ ಕೆಟ್ಟವನಲ್ಲ. ತನ್ನ ಮಾತನ್ನು ತಾನೇ ಪೂರ್ತಿ ನಂಬಿದ್ದ, ಅಂಥವರ ಜೊತೆ ವಾದ ಮಾಡುವುದೇ ಕಷ್ಟ.

ದಾರಿ ತೋರಿಸಿದ್ದು ಒಂದು ದೂರು. ಮ್ಯಾಟಿನಿ ಆಟಕ್ಕೆ ಬಂದಿದ್ದ ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ಕಂಟ್ರೋಲ್ ರೂಮಿನ ಬಾಗಿಲು ಬಡಿದಳು. "ಏನ್ರೀ ಇದು? ಚಂದಗೆ ನಡದಿದ್ದ ಪಿಚ್ಚರ್ ನಡುವ ಬ್ಯಾರೇನ ಆತು. ಎಲ್ಲಾರೂ ಸೊಟ್ಟ ಮಾರಿ ಮಾಡ್ಕೊಂಡು ಕುಂತರು. ಆಮ್ಯಾಲೆ ತಾನ ಸರಿ ಆತು."

ಕುಟುಂಬವಾಗಿ ಬಂದವರಿಗೆ ಯಂತ್ರದಲ್ಲಿ ಒಂದು ಅನುಕೂಲವಿತ್ತು. ಅದನ್ನು 'ಕಟ್ಟು' ಎನ್ನುತ್ತಿದ್ದರು. ಮಕ್ಕಳು ನೋಡಬಾರದ್ದನ್ನು ನೋಡದಿರಲೆಂದು, ಮನೆಯವರ ಕುರ್ಚಿಗಳನ್ನೆಲ್ಲ ಹಿರಿಯರೊಬ್ಬರ ಕುರ್ಚಿಗೆ ಕಟ್ಟಿದರೆ, ಎಲ್ಲರಿಗೂ ಆ ಹಿರಿಯರ ನಾಡಿಗೆ ತಕ್ಕ ಚಿತ್ರವೇ ಬರುತ್ತಿತ್ತು. ಕುರ್ಚಿಯ ತಗಡಿನ ಮೇಲೆ ಹೆಬ್ಬೆರಳು ಒತ್ತಿ ಒಪ್ಪಿದರಾಯಿತು. ಆ ಹೊತ್ತಿನಲ್ಲಿ ಹಾಲಿನ ಕ್ಯಾಮೆರಾ ಹಿಡಿದದ್ದನ್ನು ನೀಲಾ ತೆಗೆದು ನೋಡಿದಳು. ಈ ತಾಯಿ ಮಕ್ಕಳನ್ನು ಅಪ್ಪನ ಕುರ್ಚಿಗೆ ಕಟ್ಟಿದ್ದರು. ಅಪ್ಪ ಫೋನು ಬಂತೆಂದು ಎದ್ದು ಹೊರಗೆ ಹೋಗಿದ್ದ. ಕುರ್ಚಿ ಖಾಲಿ. ಅಳೆಯಲು ನಾಡಿಯೇ ಇಲ್ಲದಾಗ ಯಂತ್ರ ಯಾರ ಮನಸ್ಸು ಹಿಡಿಯಬೇಕು? ಏನೂ ತೋಚದೆ ಮೂಲ ಪ್ರತಿಯನ್ನು ಬಿಟ್ಟುಬಿಟ್ಟಿತ್ತು.

ನೀಲಾ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಕುಟುಂಬವೆಂದರೆ ಎಷ್ಟು ಮಂದಿ ಎಂದು ಯಂತ್ರ ಮಾಡಿದವರು ಮಿತಿ ಹಾಕಿರಲಿಲ್ಲ. ಮೂರೋ ನಾಲ್ಕೋ ಇರುತ್ತಾರೆ ಎಂದುಕೊಂಡಿರಬೇಕು. ಹುಬ್ಬಳ್ಳಿಯ ಒಂದು ಮನೆತನ ಮದುವೆಗೆ ಹೊರಟದ್ದನ್ನು ಅವರು ನೋಡಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಇಡೀ ಹಾಲನ್ನು ಒಂದು ಖಾಲಿ ಕುರ್ಚಿಗೆ ಕಟ್ಟಿದರೆ?

ಸಂಜೆ ಮೆಟ್ಟಿಲಲ್ಲಿ ಈ ಮಾತು ತೆಗೆದಳು. ಮುಂದಿನ ಶುಕ್ರವಾರ 'ಅಂಬಿಗರ ಓಣಿ' ಎಂಬ ಚಿತ್ರ ಬರುವುದಿತ್ತು. ದೊಡ್ಡ ಹೀರೋ ಇಲ್ಲ, ಕುಣಿತವಿಲ್ಲ. ನದಿ ದಂಡೆಯ ಅಣ್ಣ ತಂಗಿಯ ಕಥೆಯಂತೆ.

"ಖಾಲಿ ಕುರ್ಚಿಗೆ ನಾ ಯಾಕ ಕಟ್ಟಿಸ್ಕೊಳ್ಲಿ?" ಎಂದ ಇಮಾಮ್‌ಸಾಬ. "ನನ್ನ ಕುರ್ಚಿಗೆ ಎಲ್ಲಾರನೂ ಕಟ್ಟು ತಂಗಿ. ಫೈಟ್ ಅಂದ್ರ ಫೈಟ್ ನೋಡ್ತಾರ ಮಂದಿ."

"ನಿನ್ನ ಕುರ್ಚಿಗೆ ಕಟ್ಟಿದ್ರ ನಾ ಹೊರಗ ಕುಂತು ಭಜಿ ತಿಂತೀನಿ," ಎಂದರು ಮಾಸ್ತರು.

"ಅದಕ್ಕ ಹೇಳಾಕತ್ತೀನಿ," ಎಂದಳು ನೀಲಾ. "ಯಾರ ಕುರ್ಚಿಗೂ ಬ್ಯಾಡ. ಪಿಚ್ಚರ್ ಮಾಡಿದಾಕಿ ಏನು ಮಾಡ್ಯಾಳೋ ಅದನ್ನ ನೋಡೂಣು. ಹಿಡಸಲಿಲ್ಲಂದ್ರ ಅಕಿನ್ನ ಬೈಯೂಣು, ಎಲ್ಲಾರೂ ಕೂಡೇ ಬೈಯೂಣು."

ಎಲ್ಲರೂ ಕೂಡಿ ಬೈಯುವುದು ಎಂಬ ಮಾತು ಮಾಸ್ತರಿಗೆ ಹಿಡಿಸಿತು. ಅವರ ಮುಖ ಅರಳಿತು. "ಭಾಳ ದಿನ ಆಗಿತ್ತಲೇ," ಎಂದರು. ಮಾರನೆಯ ದಿನದಿಂದ ನಾಲ್ವರೂ ಸೊಂಟ ಕಟ್ಟಿ ನಿಂತರು. ಹಿಂದೆ ಹೀರೋಗಳ ಕಟೌಟು ಎಬ್ಬಿಸಿದ ಮಂದಿ, ಜನ ಕೂಡಿಸುವುದು ಅವರಿಗೆ ಹೇಳಿಕೊಡಬೇಕೇ? ಇಮಾಮ್‌ಸಾಬ ಆಟೋ ಹತ್ತಿದ ಪ್ರತಿಯೊಬ್ಬರಿಗೂ ಹೇಳಿದ. ಮಾಸ್ತರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಮನೆಮನೆಗೆ ಹೋಗಿ ಹಿಡಿದರು. ಮೀಸೆ ನರೆತವರೂ ಅವರ ದನಿ ಕೇಳಿ ನೆಟ್ಟಗೆ ನಿಂತು "ಹೂಂ ರೀ ಸರ್" ಎಂದರು. ರೇಣವ್ವ ಕುರ್ಚಿ ಕಟ್ಟಿಸಿಕೊಳ್ಳಲು ಒಪ್ಪದ ಗಿರಾಕಿಗೆ ಭಜಿಯ ಜೊತೆ ಚಟ್ನಿ ಕೊಡಲಿಲ್ಲ.

ಒಪ್ಪಿಸಲು ಕಠಿಣವಾದವನು ಚೆನ್ನವೀರನೇ.

"ನನ್ನೊಬ್ಬನ ಸಲುವಾಗಿ ಊರ ಮಂದಿ ಖುಷಿ ಯಾಕ ಕೆಡಸ್ತಿ? ನೌಕರಿ ಹೋದ್ರ?"

"ನಿಮ್ಮ ಸಲುವಾಗಿ ಅಂತ ಯಾರು ಹೇಳಿದ್ರು?" ನೀಲಾ ಹಿಟ್ಟಿನ ಕೈಯಲ್ಲೇ ಅವನ ಎದುರು ಬಂದು ನಿಂತಳು. "ನನ್ನ ಸಲುವಾಗಿ. ಹನ್ನೊಂದು ವರ್ಷ ನಿಮ್ಮ ಕಿವ್ಯಾಗ ಮಾತಾಡೇನಿ. ಈಗ ಆ ಸ್ಪೀಕರ್ ಮಾತಾಡ್ತೈತಿ, ನಾ ಸುಮ್ಮನ ಕುಂದರಬೇಕು. ನನಗ ಹೊಟ್ಟಿಕಿಚ್ಚು ಆಗೇತಿ, ಸಾಕೇನು? ಶುಕ್ರವಾರ ಬರ್ರಿ."

ಚೆನ್ನವೀರ ಬಹಳ ದಿನದ ಮೇಲೆ ನಕ್ಕ. "ಯಂತ್ರದ ಮ್ಯಾಲೆ ಹೊಟ್ಟಿಕಿಚ್ಚು! ಆತು ಬಿಡು, ಬರ್ತೀನಿ."

ಶುಕ್ರವಾರ ಮೊದಲ ಆಟಕ್ಕೆ ಹಾಲು ತುಂಬಿತು. ಖಾಲಿ ಬಿಡಲು ಆರಿಸಿದ್ದು ಚೆನ್ನವೀರನ ಬಲಗಡೆಯ ಕುರ್ಚಿ, ನೀಲಾ ಯಾವಾಗಲೂ ಕೂರುತ್ತಿದ್ದ ಜಾಗ. ಅವಳು ಆ ದಿನ ಕಂಟ್ರೋಲ್ ರೂಮಿನಲ್ಲಿರಲೇಬೇಕಿತ್ತು, ಕಟ್ಟು ಬಿಚ್ಚಿಕೊಳ್ಳದಂತೆ ಕಾಯಬೇಕಿತ್ತು. ಮಾಸ್ತರು ಹಾಲಿನ ಮುಂದೆ ನಿಂತು, "ಎಲ್ಲಾರೂ ಹೆಬ್ಬಟ್ಟು ಒತ್ತ್ರಿ! ಆ ಖಾಲಿ ಕುರ್ಚಿ ಯಾರೂ ಮುಟ್ಟಬ್ಯಾಡ್ರಿ! ಮುಟ್ಟಿದ್ರ ಎಲ್ಲಾರ ಪಿಚ್ಚರ್ ಕೆಡ್ತೈತಿ!" ಎಂದು ಗುಡುಗಿದರು. ನೀಲಾಳ ಮುಂದಿನ ಬೋರ್ಡಿನಲ್ಲಿ ಬಗೆಬಗೆಯ ಬಣ್ಣದಲ್ಲಿ ಮಿನುಗುತ್ತಿದ್ದ ಕುರ್ಚಿಗಳು ಒಂದೊಂದಾಗಿ ಬಿಳಿಯಾದವು.

ಒಂದು ಮಾತ್ರ ಹಳದಿಯಾಗಿಯೇ ಉಳಿಯಿತು. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ದುರ್ಗವ್ವ ಒಲ್ಲೆ ಎಂದುಬಿಟ್ಟಿದ್ದಳು. "ನಾ ದಿನಾ ಬೆಳತನಕ ಮಂದಿ ನರಳೂದು ಕೇಳ್ತೀನ್ರಿ ಮಾಸ್ತರ. ವಾರಕ್ಕ ಒಂದ್ ಸಲ ನಗಾಕ ಬರ್ತೀನಿ. ನನ್ನ ಪಿಚ್ಚರ್ ನನಗಿರಲಿ." ಮಾಸ್ತರು ಅವಳನ್ನು ಅವಳ ಪಾಡಿಗೆ ಬಿಟ್ಟರು. ನೀಲಾಗೂ ಅವಳು ತಪ್ಪೆಂದು ಅನ್ನಿಸಲಿಲ್ಲ.

ಆಟ ಶುರುವಾಯಿತು. ಮೊದಲ ಅರ್ಧ ಗಂಟೆ ಹಾಲು ಮಿಸುಕಾಡಿತು. ಆರು ತಿಂಗಳಿಂದ ಬೇಸರ ಎಂಬುದನ್ನೇ ಮರೆತಿದ್ದ ಮಂದಿ. ಹರಿಗೋಲು ಹೊಳೆ ದಾಟುವುದನ್ನು ದಾಟಿ ಮುಗಿಯುವವರೆಗೆ ನೋಡು ಅಂದರೆ? ಯಾರೋ ಆಕಳಿಸಿದರು, ಯಾರೋ "ಓಡಸ್ರೀ ಮುಂದ!" ಎಂದು ಕೂಗಿದರು. ಮೆಚ್ಚುಗೆ ಅಂಕ ಎಪ್ಪತ್ತು, ಅರವತ್ತು ಎಂದು ಇಳಿಯತೊಡಗಿತು. ನೀಲಾಳ ಮುಂದಿದ್ದ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಬೆಂಗಳೂರಿನ ನಂಬರು. ಅವಳು ಎತ್ತಲಿಲ್ಲ.

ಅಷ್ಟರಲ್ಲಿ ಚಿತ್ರದೊಳಗಿನ ಕುಡುಕ ಮಾವ ಹರಿಗೋಲಿನಲ್ಲಿ ನಿಂತು ಭಾಷಣ ಬಿಗಿಯಲು ಹೋಗಿ ಹೊಳೆಗೆ ಬಿದ್ದ. ಇಡೀ ಹಾಲು ಒಟ್ಟಿಗೆ ನಕ್ಕಿತು.

ಕಂಟ್ರೋಲ್ ರೂಮಿನ ಗಾಜು ಆ ನಗೆಗೆ ಅದುರಿತು. ಆರು ತಿಂಗಳಲ್ಲಿ ಅಲ್ಲಿ ನಗುವಿಗೆ ಬರವಿರಲಿಲ್ಲ, ಆದರೆ ಇಲ್ಲೊಬ್ಬರು ಅಲ್ಲೊಬ್ಬರು, ಬೇರೆ ಬೇರೆ ಹೊತ್ತಿಗೆ ನಗುತ್ತಿದ್ದರು. ಒಂದೇ ಗಳಿಗೆಗೆ ಎಲ್ಲರೂ ನಕ್ಕ ಸದ್ದು ಎಷ್ಟು ದೊಡ್ಡದೆಂಬುದು ಅವರಿಗೇ ಮರೆತುಹೋಗಿತ್ತು. ನಕ್ಕವರು ಬೆಚ್ಚಿ ಪಕ್ಕದವರ ಮುಖ ನೋಡಿದರು, ನೋಡಿ ಮತ್ತೆ ನಕ್ಕರು. ಇಂಟರ್‌ವಲ್‌ನಲ್ಲಿ ದುರ್ಗವ್ವ ಸೆರಗು ಸರಿಮಾಡಿಕೊಳ್ಳುತ್ತ ಮಾಸ್ತರ ಬಳಿ ಬಂದಳು. "ಎಲ್ಲಾರೂ ಅದ್ಯಾತಕ್ಕ ನಕ್ಕರ್ರಿ? ನನಗೂ ಕಟ್ಟ್ರಿ ಅತ್ತಾಗ. ಒಬ್ಬಾಕೆ ನಕ್ಕು ನಕ್ಕು ಸಾಕಾತು." ಬೋರ್ಡಿನ ಕೊನೆಯ ಹಳದಿ ಚುಕ್ಕೆ ಬಿಳಿಯಾಯಿತು.

ಕೊನೆಯ ದೃಶ್ಯ ಬಂತು. ಅಣ್ಣನೇ ಬಾಯಿಗೆ ಬಂದಂತೆ ಬೈದು ಮನೆಯಿಂದ ಹೊರಗೆ ಹಾಕಿದ ತಂಗಿ, ಗಂಟು ಹಿಡಿದು ಹರಿಗೋಲು ಹತ್ತಿದಳು. ಅಲ್ಲಿಂದ ಮುಂದೆ ಮಾತೇ ಇಲ್ಲ. ಸಂಗೀತವಿಲ್ಲ. ನೀರಿನ ಸದ್ದನ್ನೂ ನಿರ್ದೇಶಕಿ ತೆಗೆದುಬಿಟ್ಟಿದ್ದಳು. ಹಾಲಿನಲ್ಲಿ ಉಸಿರು ಕೇಳಿಸುತ್ತಿತ್ತು.

ನೀಲಾ ಗಾಜಿನಾಚೆ ನೋಡಿದಳು. ಚೆನ್ನವೀರ ತಲೆಯನ್ನು ಅತ್ತಿತ್ತ ತಿರುಗಿಸುತ್ತಿದ್ದ. ಅವನಿಗೆ ಚಿತ್ರ ನಿಂತೇಹೋಗಿತ್ತು. ಕೈ ಬಲಕ್ಕೆ ಹೊರಳಿ ಅವಳನ್ನು ಹುಡುಕಿತು, ಮುಟ್ಟಬಾರದು ಎಂಬುದು ನೆನಪಾಗಿ ಖಾಲಿ ಕುರ್ಚಿಯ ಹತ್ತಿರ ಹೋಗಿ ಹಿಂದೆ ಸರಿಯಿತು.

ಅವಳು ಬೋರ್ಡನ್ನು ದೇವರ ಮೇಲೆ ಬಿಟ್ಟು ಎದ್ದಳು. ಮೆಟ್ಟಿಲಿಳಿದು, ಸಾಲಿನೊಳಗೆ ನುಗ್ಗಿ, ತನ್ನದೇ ಕುರ್ಚಿಯ ಮುಂದೆ ನಿಂತಳು. ಕೂತರೆ ತಗಡು ಅವಳ ನಾಡಿ ಹಿಡಿಯುತ್ತದೆ. ಆ ಹೊತ್ತಿನ ಅವಳ ಎದೆಬಡಿತಕ್ಕೆ ಯಂತ್ರ ಇಡೀ ಊರಿಗೆ ಏನು ತೋರಿಸುತ್ತಿತ್ತೋ ದೇವರಿಗೇ ಗೊತ್ತು. ಕುರ್ಚಿಯ ಮೇಲಿದ್ದ ಕನ್ನಡಕವನ್ನಷ್ಟೇ ಎತ್ತಿಕೊಂಡು ಹಾಕಿಕೊಂಡು, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಗಂಡನ ಮೊಣಕಾಲು ಹಿಡಿದಳು.

"ನಾ ಬಂದೀನಿ."

"ಏನಾಗಾಕತ್ತೈತಿ? ಮುಗೀತೇನು?"

"ಇಲ್ಲ. ಹರಿಗೋಲು ನಡು ಹೊಳ್ಯಾಗ ಐತಿ. ಅಕಿ ಬೆನ್ನ ಮಾಡಿ ಕುಂತಾಳ. ಅಣ್ಣ ದಂಡಿಗೆ ಬಂದಾನ. ಕಾಲಾಗ ಚಪ್ಪಲಿ ಇಲ್ಲ. ಓಡಿ ಬಂದಾನಂತ ಕಾಣ್ತೈತಿ. ಬಾಯಿ ತಗದ, ಕರಿಯಲಿಲ್ಲ."

"ಅಕಿ?"

"ನೀರಾಗ ಕೈ ಬಿಟ್ಟಾಳ. ಹರಿಗೋಲು ಸಣ್ಣದಾಗಾಕತ್ತೈತಿ."

ಚೆನ್ನವೀರನ ಕೈ ಅವಳ ಹೆಗಲು ಹಿಡಿಯಿತು. ಆ ಕೈಯ ನಡುಕ ಅವಳಿಗೆ ತಿಳಿಯಿತು. "ನೀಲಾ, ಹೊಳ್ಳಿ ನೋಡಿದ್ಲೇನು?"

ಅಷ್ಟು ಆಸೆಯಿಂದ ಕೇಳಿದ. ಚಿತ್ರದಲ್ಲಿ ಹರಿಗೋಲು ಒಂದು ಚುಕ್ಕೆಯಾಗಿ, ಆಚೆ ದಂಡೆಯ ಹಸಿರಿನಲ್ಲಿ ಸೇರಿ ಹೋಗುತ್ತಿತ್ತು. ಆ ಹೆಣ್ಣು ಹೊರಳಲೇ ಇಲ್ಲ.

"ನೋಡಿದ್ಲು," ಎಂದಳು ನೀಲಾ. "ಕಡೀಕ ಒಮ್ಮೆ ಹೊಳ್ಳಿ ನೋಡಿದ್ಲು."

ಅವನು ಉಸಿರು ಬಿಟ್ಟ. ಚಿತ್ರ ಮುಗಿಯಿತು.

ಮೇಲೆ ಹೋಗಿ ನೋಡಿದರೆ ಮೆಚ್ಚುಗೆ ಅಂಕ ನಲವತ್ತಕ್ಕೂ ಕೆಳಗೆ. ಫೋನು ಎತ್ತಿದಳು.

"ಮೇಡಂ, ಏನಿದು? ದೇಶದಲ್ಲೇ ಅತಿ ಕಡಿಮೆ ಅಂಕ! ಜನ ನರಳಿದ್ದಾರೆ!" ಪ್ರದ್ಯುಮ್ನನ ದನಿ ನಿಜಕ್ಕೂ ನೊಂದಿತ್ತು.

"ನರಳ್ಯಾರ ಸರ್. ಯಾರೂ ಎದ್ದು ಹೋಗಿಲ್ಲ, ಅದನ್ನೂ ನೋಡ್ರಿ."

"ಮುಂದಿನ ವಾರಕ್ಕೆ ಈ ಕಟ್ಟು ತೆಗೆಸ್ತೀನಿ."

"ಎಲ್ಲಾರೂ ತಾವಾಗೇ ಹೆಬ್ಬಟ್ಟು ಒತ್ತ್ಯಾರ. ತಗಿಯೂದಿದ್ರ ನೀವ ಬಂದು ಅವರಿಗೆ ಹೇಳ್ರಿ. ನಾ ಹೇಳೂದಿಲ್ಲ. ನನ್ನ ತಗದ್ರೂ ಹೇಳೂದಿಲ್ಲ," ಎಂದು ಫೋನಿಟ್ಟಳು. ದನಿ ನಡುಗಿರಲಿಲ್ಲ. ಅದು ಅವಳಿಗೇ ಆಶ್ಚರ್ಯ.

ಹೊರಗೆ ಬಂದರೆ ಮೆಟ್ಟಿಲುಗಳು ಸಾಲದೆ ಮಂದಿ ರಸ್ತೆಗೆ ಹರಿದಿದ್ದರು. ದುರ್ಗವ್ವ ಯಾರೋ ಗುರುತಿಲ್ಲದ ಕಾಲೇಜು ಹುಡುಗಿಯ ಜೊತೆ ಕೈ ತಿರುವಿ ವಾದ ಹೂಡಿದ್ದಳು. ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸೋತು, ಕೊನೆಗೆ ಕಿಟಕಿಯಿಂದ ತಲೆ ಹಾಕಿ, "ಯಾವ ಪಿಚ್ಚರ್ರೀ ಅದು?" ಎಂದು ಕೇಳುತ್ತಿದ್ದ.

"ಒಂದ್ ಸಲ ಹೊಳ್ಳಿ ನೋಡಿದ್ರ ಅಕಿ ಗಂಟೇನ್ ಹೋಗ್ತಿತ್ತು?" ಇಮಾಮ್‌ಸಾಬ ಎದೆ ಬಡಿದುಕೊಳ್ಳುತ್ತಿದ್ದ. "ಅಣ್ಣ ಬರಿಗಾಲಲೆ ಓಡಿ ಬಂದಾನ! ಇಂಥಾ ಕಲ್ಲು ಮನಸಿನಾಕಿ! ಡೈರೆಕ್ಟರಿಗೆ ಬುದ್ಧಿ ಇಲ್ಲ!"

"ನೋಡಬಾರದೋ ಹುಚ್ಚಾ!" ಎಂದರು ಮಾಸ್ತರು. "ಅಷ್ಟ ಅಂದ ಮ್ಯಾಲೆ ಯಾಕ ನೋಡಬೇಕು? ನೋಡಿದ್ರ ಪಿಚ್ಚರ್ ಸತ್ತು ಹೋಗ್ತಿತ್ತು!"

ಕೆಳಗಿನ ಮೆಟ್ಟಿಲಲ್ಲಿ ಚೆನ್ನವೀರ ಕೂತಿದ್ದ. ತಲೆ ವಾಲಿಸಿ ಕೇಳುತ್ತಿದ್ದವನು ಈಗ ಮೇಲೆದ್ದ. "ಏ, ಏನ್ ಹಚ್ಚೀರಿ ಇಬ್ಬರೂ? ನೋಡಿದ್ಲಲ್ಲೋ ಅಕಿ!"

ಎಲ್ಲರೂ ಅವನತ್ತ ತಿರುಗಿದರು. "ಎಲ್ಲಿ ನೋಡಿದ್ಲು?" "ಇಲ್ಲೋ ಮಾರಾಯಾ." "ಇಲ್ಲರೀ ಅಣ್ಣಾರ, ಹೊಳ್ಳಿಲ್ಲ," ಎಂದು ದುರ್ಗವ್ವ ಕೂಡ ಹೇಳಿದಳು. ರಸ್ತೆಯ ಆಚೆಯಿಂದ ಯಾರೋ, "ನೋಡಲೇ ಇಲ್ಲ!" ಎಂದು ಕೂಗಿದರು.

ಚೆನ್ನವೀರನ ಮುಖ ನಿಧಾನಕ್ಕೆ ನೀಲಾ ನಿಂತ ಕಡೆಗೆ ತಿರುಗಿತು. ಅವಳು ಬಂದು ನಿಂತದ್ದು ಅವನಿಗೆ ಗೊತ್ತಿತ್ತು, ಯಾವಾಗಲೂ ಗೊತ್ತಿರುತ್ತಿತ್ತು. "ನೀಲಾ?"

ಅವಳು ಮಂದಿಯ ನಡುವಿನಿಂದ ಅವನ ಹತ್ತಿರ ಬಂದಳು. "ನೋಡಲಿಲ್ಲ."

"ಮತ್ತ ನನಗ ಯಾಕ ಹಂಗ ಹೇಳಿದಿ?"

"ನೀವು ಹಂಗ ಕೇಳಿದ್ರಿ. ಕೈ ನಡಗಾಕತ್ತಿತ್ತು ನಿಮ್ಮದು. ಇಲ್ಲ ಅನ್ನಾಕ ನನ್ನ ಬಾಯಿ ಬರಲಿಲ್ಲ."

"ಆ ಕುರ್ಚೀ ಮ್ಯಾಲಿನ ತಗಡೂ ಇದನ್ನ ಅಲ್ಲೇನು ಮಾಡೂದು?"

ಅವಳು ಏನು ಹೇಳಿ ತಪ್ಪಿಸಿಕೊಂಡಾಳು? ಇಷ್ಟು ಮಂದಿಯನ್ನು ಕೂಡಿಸಿ, ನೌಕರಿಯನ್ನು ಪಣಕ್ಕಿಟ್ಟು, ನೆಲದ ಮೇಲೆ ಕೂತು, ಕೊನೆಗೆ ಮಾಡಿದ್ದು ಅದನ್ನೇ. ನಾಚಿಕೆಯಿಂದ ಕಣ್ಣು ತುಂಬಿದವು. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕೂಗಾಡದೆ ಮೆಟ್ಟಿಲಲ್ಲಿ ಮತ್ತೆ ಕೂತ. ಕೂತು ತೊಡೆ ತಟ್ಟಿದ.

"ಮಾಸ್ತರ, ಬರ್ರಿ ಇಲ್ಲೆ. ಕಡೀ ಸೀನು ನೀವು ಹೇಳ್ರಿ. ಇಮಾಮಣ್ಣ, ಮಾಸ್ತರು ಬಿಟ್ಟದ್ದು ನೀ ಹೇಳು. ದುರ್ಗವ್ವ, ನೀವೂ ಬರ್ರಿ. ಅಕಿ ಹೊಳ್ಳಿ ನೋಡದ ಹ್ಯಾಂಗ ಹೋದ್ಲು, ನನಗ ಪೂರಾ ಬೇಕು."

ಅವರು ಮೂವರೂ ಒಟ್ಟಿಗೆ ಬಾಯಿ ತೆರೆದರು. ಹರಿಗೋಲು ಎಡಕ್ಕೆ ವಾಲಿತ್ತೆಂದು ಒಬ್ಬರು, ಬಲಕ್ಕೆಂದು ಇನ್ನೊಬ್ಬರು. ಚೆನ್ನವೀರ ಇಬ್ಬರನ್ನೂ ತಡೆದು, ಮೂರನೆಯವರನ್ನು ಕೇಳಿ, ಮತ್ತೆ ಮುಂದಕ್ಕೆ ಹೋದ. ತಂಗಿ ಮರೆಯಾದಾಗ ಅವನ ಕೆನ್ನೆ ಒದ್ದೆಯಾಗಿತ್ತು. "ಸುಳ್ಳ ಅಲ್ಲ ಬಿಡ್ರಿ. ಮಾಸ್ತರು ಹೇಳಿದ್ದ ಖರೇ. ನೋಡಬಾರದು," ಎಂದು ತೀರ್ಪು ಕೊಟ್ಟ. ಇಮಾಮ್‌ಸಾಬ ಅದಕ್ಕೂ ಜಗಳ ತೆಗೆದ.

ನೀಲಾ ಅವನ ಪಕ್ಕದಲ್ಲಿ ಬಂದು ಕೂತಳು. ಅವನು ಕೈ ಚಾಚಿ ಅವಳ ಕೈ ಹಿಡಿದುಕೊಂಡ.

"ಮುಂದಿನ ಶುಕ್ರವಾರನೂ ನೀನ ಹೇಳು," ಎಂದ. "ಆದ್ರ ಹೊರಗ ಬಂದು ನಾ ಇವರೆಲ್ಲಾರನೂ ಕೇಳಾಂವ. ಈಗ ಹೇಳೇ ಇಟ್ಟೀನಿ."

"ಕೇಳ್ರಿ," ಎಂದಳು ನೀಲಾ ಮೂಗೊರೆಸಿಕೊಳ್ಳುತ್ತ. "ಎಲ್ಲಾರೂ ಒಂದ ಪಿಚ್ಚರ್ ನೋಡಿರ್ತಾರ."